ಒಂದೇ ಲಿಸ್ಟ್‌ನಲ್ಲಿ ನಾಲ್ಕು ಹೋಬಳಿ ಆರಿಸುವುದು ಹೇಗೆ?

ತಿಪಟೂರು ಕಡೆ ಗೊಬ್ಬರದ ಅಂಗಡಿ ಇಟ್ಟಿರುವ ಗೆಳೆಯನಿಗೆ ಉದ್ರಿ ಲೆಕ್ಕ ನೋಡಿಕೊಳ್ಳಲು ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಒಂದು ಸಣ್ಣ ಡೇಟಾಬೇಸ್ ಮಾಡಿಕೊಟ್ಟಿದ್ದೆ. ಫಾರ್ಮ್‌ನಲ್ಲಿ ಹೋಬಳಿ ಆರಿಸಿ ಬಟನ್ ಒತ್ತಿದರೆ ಅಲ್ಲಿನ ರೈತರ ಬಾಕಿ ಪಟ್ಟಿ ಬರುತ್ತಿತ್ತು. ಒಂದು ದಿನ ಅವನು ಫೋನ್ ಮಾಡಿ, "ನಾಳೆ ಹೊನ್ನವಳ್ಳಿ, ನೊಣವಿನಕೆರೆ ಎರಡೂ ಕಡೆ ವಸೂಲಿಗೆ ಹೋಗ್ತಿದೀನಿ. ಎರಡರದ್ದೂ ಒಟ್ಟಿಗೇ ಬರೋ ಹಾಗೆ ಮಾಡಕ್ಕಾಗಲ್ವೇನೋ?" ಅಂದ.

ಆಗುತ್ತದೆ. ಆದರೆ ಅದಕ್ಕೆ ಕೆಲವು ಸಾಲು ಕೋಡ್ ಬರೆಯಲೇಬೇಕು. ಆಕ್ಸೆಸ್ ಬಂದಿದ್ದು 1992ರಲ್ಲಿ. ಇವತ್ತಿಗೂ ಅಂಗಡಿ, ಸಂಘ, ಶಾಲೆಯ ಲೆಕ್ಕಕ್ಕೆ ಇದನ್ನು ನೆಚ್ಚಿಕೊಂಡವರಿದ್ದಾರೆ. ಅವರಲ್ಲಿ ಅನೇಕರು ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಕೋಡನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದಲು ಅನುಕೂಲವಾಗಲಿ ಎಂದು ಉಚ್ಚಾರಣೆಯಂತೆ ಬರೆದಿದ್ದೇನೆ.

ಮೊದಲು ಹೋಬಳಿ ಆರಿಸಲು ಇಟ್ಟಿದ್ದ ಕಾಂಬೊ ಬಾಕ್ಸ್ (ಒಂದನ್ನು ಮಾತ್ರ ಆರಿಸಬಹುದಾದ ಇಳಿಪಟ್ಟಿ) ತೆಗೆದು, ಆ ಜಾಗದಲ್ಲಿ ಲಿಸ್ಟ್ ಬಾಕ್ಸ್ ಇಡಿ. ಅದಕ್ಕೆ 'ಲಿಸ್ಟ್‌ಹೋಬಳಿ' ಎಂದು ಹೆಸರಿಡೋಣ. ಅದರಲ್ಲಿ ಎರಡು ಕಾಲಂ ಇರಲಿ: ಮೊದಲನೆಯದು ಹೋಬಳಿಯ ಐಡಿ ನಂಬರ್, ಎರಡನೆಯದು ಹೆಸರು. ಮೊದಲ ಕಾಲಂನ ಅಗಲ ಸೊನ್ನೆ ಮಾಡಿದರೆ ನೋಡುವವರಿಗೆ ಹೆಸರು ಮಾತ್ರ ಕಾಣುತ್ತದೆ. ಬೌಂಡ್ ಕಾಲಂ, ಅಂದರೆ ಲಿಸ್ಟ್ ತನ್ನ ಬೆಲೆಯನ್ನು ತೆಗೆದುಕೊಳ್ಳುವ ಕಾಲಂ, 1 ಆಗಿರಲಿ. ಆರಿಸಿದ್ದನ್ನು ಟೇಬಲ್‌ನ ಯಾವ ಕಾಲಂಗೆ ಬರೆಯಬೇಕೆಂದು ಹೇಳುವ ಕಂಟ್ರೋಲ್ ಸೋರ್ಸ್ ಖಾಲಿ ಬಿಡಿ.

ಆಮೇಲೆ ಡಿಸೈನ್ ವ್ಯೂನಲ್ಲಿ ಪ್ರಾಪರ್ಟಿ ಶೀಟ್ ತೆರೆದು 'ಅದರ್' ಟ್ಯಾಬ್‌ಗೆ ಹೋಗಿ. ಅಲ್ಲಿ 'ಮಲ್ಟಿ ಸೆಲೆಕ್ಟ್' ಎಂಬ ಪ್ರಾಪರ್ಟಿ ಇದೆ. ನನ್, ಸಿಂಪಲ್, ಎಕ್ಸ್‌ಟೆಂಡೆಡ್ ಎಂದು ಅದಕ್ಕೆ ಮೂರು ಆಯ್ಕೆ. ಸಿಂಪಲ್‌ನಲ್ಲಿ ಒಮ್ಮೆ ಕ್ಲಿಕ್ ಮಾಡಿದರೆ ಸಾಲು ಆಯ್ಕೆಯಾಗುತ್ತದೆ, ಮತ್ತೆ ಕ್ಲಿಕ್ ಮಾಡಿದರೆ ಬಿಟ್ಟುಹೋಗುತ್ತದೆ. ಎಕ್ಸ್‌ಟೆಂಡೆಡ್‌ನಲ್ಲಿ ಕಂಟ್ರೋಲ್ ಅಥವಾ ಶಿಫ್ಟ್ ಕೀ ಒತ್ತಿ ಹಿಡಿಯಬೇಕು. ಮರೆತು ಸುಮ್ನೆ ಕ್ಲಿಕ್ ಮಾಡಿದರೆ ಹಿಂದೆ ಆರಿಸಿದ್ದೆಲ್ಲ ಹೋಯಿತು. ಕೌಂಟರ್‌ನಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದು ಕೆಲಸ ಮಾಡುವವರಿಗೆ ಸಿಂಪಲ್ಲೇ ಸರಿ ಅಂತ ನನ್ನ ಅನುಭವ.

ಇಷ್ಟು ಮಾಡಿದ ಕೂಡಲೇ ಹಳೆಯ ಕೋಡ್ ಕೆಲಸ ನಿಲ್ಲಿಸುತ್ತದೆ. ಒಂದೇ ಆಯ್ಕೆ ಇದ್ದಾಗ ಲಿಸ್ಟ್‌ನ ವ್ಯಾಲ್ಯೂ ಕೇಳಿದರೆ ಐಡಿ ಸಿಗುತ್ತಿತ್ತು. ಈಗ ಎಷ್ಟೇ ಸಾಲು ಆರಿಸಿದ್ದರೂ ವ್ಯಾಲ್ಯೂ 'ನಲ್', ಅಂದರೆ ಏನೂ ಇಲ್ಲ. ಲಿಸ್ಟ್ ಕೆಟ್ಟಿಲ್ಲ, ನಾವು ಕೇಳುವ ರೀತಿ ಬದಲಾಗಬೇಕು ಅಷ್ಟೆ. 'ನಿನ್ನ ಬೆಲೆ ಎಷ್ಟು?' ಎಂದು ಕೇಳುವ ಬದಲು 'ಯಾವ ಯಾವ ಸಾಲು ಆಯ್ಕೆಯಾಗಿವೆ?' ಎಂದು ಕೇಳಬೇಕು. ಅದಕ್ಕೆ ಉತ್ತರ ಕೊಡುವುದು 'ಐಟಮ್ಸ್‌ಸೆಲೆಕ್ಟೆಡ್'. ಅದರಲ್ಲಿ ಸಿಗುವುದು ಐಡಿ ಅಲ್ಲ, ಸಾಲಿನ ನಂಬರ್. ಎಣಿಕೆ ಸೊನ್ನೆಯಿಂದ ಶುರು. ಸಾಲಿನ ನಂಬರನ್ನು 'ಐಟಮ್‌ಡೇಟಾ'ಗೆ ಕೊಟ್ಟರೆ ಆ ಸಾಲಿನ ಐಡಿ ಕೈಗೆ ಬರುತ್ತದೆ.

ಬಟನ್‌ನ ಕ್ಲಿಕ್ ಈವೆಂಟ್‌ನಲ್ಲಿ ಬರೆಯಬೇಕಾದ್ದು ಹೀಗೆ:

ಡಿಮ್ ಸಾಲು ಆ್ಯಸ್ ವೇರಿಯಂಟ್
ಡಿಮ್ ಪಟ್ಟಿ ಆ್ಯಸ್ ಸ್ಟ್ರಿಂಗ್
ಫಾರ್ ಈಚ್ ಸಾಲು ಇನ್ ಮಿ.ಲಿಸ್ಟ್‌ಹೋಬಳಿ.ಐಟಮ್ಸ್‌ಸೆಲೆಕ್ಟೆಡ್
ಪಟ್ಟಿ = ಪಟ್ಟಿ & "," & ಮಿ.ಲಿಸ್ಟ್‌ಹೋಬಳಿ.ಐಟಮ್‌ಡೇಟಾ(ಸಾಲು)
ನೆಕ್ಸ್ಟ್

'ಸಾಲು' ಎಂಬುದು ವೇರಿಯಂಟ್ (ಯಾವ ಬಗೆಯ ಬೆಲೆಯನ್ನಾದರೂ ಹಿಡಿಯುವಂಥದ್ದು) ಆಗಿಯೇ ಇರಬೇಕು. ನಂಬರ್ ತಾನೇ ಎಂದು ಲಾಂಗ್ (ಪೂರ್ಣಾಂಕ) ಅಂತ ಬರೆದರೆ ಫಾರ್ ಈಚ್ ಒಪ್ಪುವುದಿಲ್ಲ. ಐಡಿ 2 ಮತ್ತು 4 ಇರುವ ಹೋಬಳಿ ಆರಿಸಿದ್ದರೆ ಪಟ್ಟಿಯಲ್ಲಿ ',2,4' ಎಂದು ಕೂತಿರುತ್ತದೆ. ಶುರುವಿನ ಕಾಮಾ ತೆಗೆಯಲು 'ಮಿಡ್(ಪಟ್ಟಿ, 2)' ಸಾಕು. ಆಮೇಲೆ 'ಹೋಬಳಿಐಡಿ ಇನ್ (2,4)' ಎಂಬ ಷರತ್ತು ಕಟ್ಟಿ 'ಡುಸಿಎಂಡಿ.ಓಪನ್‌ರಿಪೋರ್ಟ್'ನ ನಾಲ್ಕನೇ ಜಾಗಕ್ಕೆ ಕೊಡಿ. ಮೂರನೆಯದು ಫಿಲ್ಟರ್‌ನ ಹೆಸರಿಗೆ ಮೀಸಲು, ಅದನ್ನು ಖಾಲಿ ಬಿಟ್ಟು ಕಾಮಾ ಹಾಕಬೇಕು.

ಈಗ ನನ್ನಿಂದಾದ ತಪ್ಪು ಹೇಳಬೇಕು. ಯಾರೂ ಏನನ್ನೂ ಆರಿಸದೆ ಬಟನ್ ಒತ್ತಿದರೆ ಎರರ್ ಬರುತ್ತಿತ್ತು. ಅದು ಬೇಡವೆಂದು, ಪಟ್ಟಿ ಖಾಲಿ ಇದ್ದರೆ ಷರತ್ತನ್ನೂ ಖಾಲಿ ಬಿಟ್ಟೆ. ಷರತ್ತು ಇಲ್ಲದಿದ್ದರೆ ರಿಪೋರ್ಟ್‌ಗೆ ಎಲ್ಲ ರೈತರೂ ಬರುತ್ತಾರೆ, ಅಲ್ವಾ? ಅಂಗಡಿ ಹುಡುಗ ಅವಸರದಲ್ಲಿ ಆರಿಸುವುದು ಮರೆತು ನೇರ ಪ್ರಿಂಟ್ ಕೊಟ್ಟ. ಪ್ರಿಂಟರ್ ನಿಲ್ಲಿಸುವಷ್ಟರಲ್ಲಿ ಅರ್ಧ ಬಂಡಲ್ ಹಾಳೆ ಖರ್ಚಾಗಿತ್ತು. ಹಾಳೆ ಹೋಗಲಿ, ಇದೇ ಷರತ್ತು ಅಳಿಸುವ ಕ್ವೆರಿಗೆ ಹೋಗಿದ್ದರೆ ಇಡೀ ಉದ್ರಿ ಪುಸ್ತಕವೇ ಹೋಗುತ್ತಿತ್ತು. ಆದ್ದರಿಂದ ಲೂಪ್ (ಫಾರ್ ಈಚ್‌ನಿಂದ ನೆಕ್ಸ್ಟ್‌ವರೆಗಿನ ಭಾಗ) ಮುಗಿದ ತಕ್ಷಣ ಪಟ್ಟಿ ಖಾಲಿ ಇದೆಯಾ ನೋಡಿ. ಖಾಲಿ ಇದ್ದರೆ ಒಂದು ಮಾತು ತಿಳಿಸಿ 'ಎಕ್ಸಿಟ್ ಸಬ್' ಬರೆದು ಕೋಡನ್ನು ಅಲ್ಲೇ ನಿಲ್ಲಿಸಿ. ಎಲ್ಲ ಹೋಬಳಿಯೂ ಬೇಕೆನ್ನುವವರಿಗೆ ಬೇರೆ ಬಟನ್ ಕೊಡಿ.

ಆ ಒಂದು ಮಾತನ್ನು ಕನ್ನಡದಲ್ಲಿ ತಿಳಿಸಲು ಹೋದರೆ ಇನ್ನೊಂದು ತೊಡಕು. ಕೋಡ್ ಬರೆಯುವ ಕಿಟಕಿಗೆ ಕನ್ನಡದಂಥ ಲಿಪಿಗಳ ಯೂನಿಕೋಡ್ ಅಕ್ಷರ ಗೊತ್ತಾಗುವುದಿಲ್ಲ. ಅಲ್ಲಿ ಕನ್ನಡ ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬೀಳುತ್ತದೆ. ಮೆಸೇಜ್ ಬಾಕ್ಸ್‌ನದೂ ಅದೇ ಕಥೆ. ಇದಕ್ಕೆ ದಾರಿ ಸುಲಭ: ಫಾರ್ಮ್ ಮೇಲೆ 'ಒಂದಾದರೂ ಹೋಬಳಿ ಆರಿಸಿ' ಎಂದು ಕನ್ನಡದ ಲೇಬಲ್ ಬರೆದಿಟ್ಟು, ಮೊದಲು ಕಾಣದ ಹಾಗೆ ಮಾಡಿ, ಬೇಕಾದಾಗ ಕೋಡ್‌ನಿಂದ 'ವಿಸಿಬಲ್' ಮಾಡಿ. ಟೇಬಲ್‌ನಲ್ಲಿರುವ ಕನ್ನಡಕ್ಕೆ ಏನೂ ತೊಂದರೆ ಇಲ್ಲ. ಕೋಡ್ ಪರೀಕ್ಷಿಸಿ ನೋಡುವ ಇಮಿಡಿಯೇಟ್ ವಿಂಡೋದಲ್ಲಿ ಹೆಸರುಗಳು ಪ್ರಶ್ನೆ ಚಿಹ್ನೆಯಾಗಿ ಕಂಡರೂ ಗಾಬರಿ ಬೇಡ, ಡೇಟಾ ಸರಿಯಾಗಿಯೇ ಇರುತ್ತದೆ.

ಐಡಿ ನಂಬರನ್ನೇ ಬಳಸಿ ಎಂದು ಮೊದಲೇ ಹೇಳಿದ್ದಕ್ಕೂ ಕಾರಣ ಇದೆ. ಹೆಸರಿನಿಂದ ಹುಡುಕಿದರೆ ಪ್ರತಿ ಹೆಸರಿಗೂ ಕೋಟ್ ಹಾಕಬೇಕು. ಜತೆಗೆ ಒಬ್ಬರು 'ಕಿಬ್ಬನಹಳ್ಳಿ' ಎಂದೂ ಇನ್ನೊಬ್ಬರು 'ಕಿಬ್ಬನಳ್ಳಿ' ಎಂದೂ ಬರೆದಿದ್ದರೆ ಅರ್ಧ ರೈತರು ಪಟ್ಟಿಯಿಂದ ಬಿಟ್ಟುಹೋಗುತ್ತಾರೆ.

ರಿಪೋರ್ಟ್ ಮೊದಲೇ ತೆರೆದಿದ್ದರೆ ಹೊಸ ಷರತ್ತು ಅದಕ್ಕೆ ತಾಗುವುದಿಲ್ಲ, ಹಳೆಯ ಪಟ್ಟಿಯೇ ಮುಂದೆ ಬರುತ್ತದೆ. ಓಪನ್‌ಗೆ ಮುಂಚೆ ಆ ರಿಪೋರ್ಟ್‌ನ ಹೆಸರು ಕೊಟ್ಟು ಒಂದು 'ಡುಸಿಎಂಡಿ.ಕ್ಲೋಸ್' ಹಾಕಿ. ರಿಪೋರ್ಟ್ ತೆರೆದಿರದಿದ್ದರೂ ಅದರಿಂದ ಎರರ್ ಬರುವುದಿಲ್ಲ.

ಹುಡುಕಲು ಇಷ್ಟು ಸಾಕು. ಆರಿಸಿದ್ದನ್ನು ಉಳಿಸಿಡಬೇಕಾದರೆ ಸ್ವಲ್ಪ ಜಾಸ್ತಿ ಕೆಲಸ. ಒಬ್ಬ ರೈತ ತೆಂಗು, ಅಡಿಕೆ, ರಾಗಿ ಮೂರೂ ಬೆಳೆಯುತ್ತಾನೆ ಎಂದುಕೊಳ್ಳಿ. ಮೂರನ್ನೂ ಕಾಮಾ ಹಾಕಿ ಒಂದೇ ಕಾಲಂಗೆ ತುಂಬಬೇಡಿ. ನಾಳೆ 'ಅಡಿಕೆ ಬೆಳೆಗಾರರು ಎಷ್ಟು ಜನ?' ಎಂದು ಕೇಳಿದರೆ ಎಣಿಸುವುದೇ ಕಷ್ಟ. ರೈತಐಡಿ, ಬೆಳೆಐಡಿ ಎಂಬ ಎರಡೇ ಕಾಲಂನ ಬೇರೆ ಟೇಬಲ್ ಮಾಡಿ. ಸೇವ್ ಬಟನ್‌ನಲ್ಲಿ ಮೊದಲು ರೈತನ ರೆಕಾರ್ಡ್ ಉಳಿಸಿ, ಆ ರೈತನ ಹಳೆಯ ಬೆಳೆ ಸಾಲುಗಳನ್ನು ಅಳಿಸಿ. ಆಮೇಲೆ ಮೇಲಿನ ಲೂಪ್‌ನಲ್ಲೇ ಪ್ರತಿ ಆಯ್ಕೆಗೂ ಆ ಟೇಬಲ್‌ಗೆ ಹೊಸ ಸಾಲು ಸೇರಿಸುವ ಒಂದು 'ಆ್ಯಡ್‌ನ್ಯೂ', ಅದನ್ನು ಉಳಿಸುವ ಒಂದು 'ಅಪ್‌ಡೇಟ್'.

ಮುಂದಿನ ರೈತನ ರೆಕಾರ್ಡ್‌ಗೆ ಹೋದಾಗಲೂ ಹಿಂದಿನ ರೈತನ ಬೆಳೆಗಳೇ ಲಿಸ್ಟ್‌ನಲ್ಲಿ ಆಯ್ಕೆಯಾಗಿ ಉಳಿದಿರುತ್ತವೆ. ಗಮನಿಸದೆ ಸೇವ್ ಒತ್ತಿದರೆ ಒಬ್ಬರ ಬೆಳೆ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಹಾಗಾಗಿ ಫಾರ್ಮ್‌ನ 'ಆನ್ ಕರೆಂಟ್' (ರೆಕಾರ್ಡ್ ಬದಲಾದಾಗಲೆಲ್ಲ ನಡೆಯುವ) ಈವೆಂಟ್‌ನಲ್ಲಿ ಸೊನ್ನೆಯಿಂದ 'ಲಿಸ್ಟ್‌ಕೌಂಟ್ - 1'ರವರೆಗೆ ಪ್ರತಿ ಸಾಲಿನ 'ಸೆಲೆಕ್ಟೆಡ್' ಅನ್ನು ಫಾಲ್ಸ್ ಮಾಡಿ. ಬಳಿಕ ಟೇಬಲ್ ನೋಡಿ ಆ ರೈತನ ಬೆಳೆಗಳ ಸಾಲನ್ನು ಮಾತ್ರ ಟ್ರೂ ಮಾಡಿ.