ಸಿಲಿಂಡರ್ ಪವರ್: ಚೀಟಿ ಓದುವುದು, ಕನ್ನಡಕ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು

ಚಮಚದ ಬೆನ್ನನ್ನು ಗಮನಿಸಿ. ಉದ್ದಕ್ಕೆ ಬಾಗು ಕಡಿಮೆ, ಅಡ್ಡಕ್ಕೆ ಹೆಚ್ಚು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಹೀಗೆ ಎರಡು ದಿಕ್ಕಿಗೆ ಬೇರೆ ಬೇರೆಯಾಗಿ ಬಾಗಿದ್ದರೆ ಬೆಳಕು ಒಂದೇ ಬಿಂದುವಿಗೆ ಬಂದು ಸೇರದು. ಇದೇ ಅಸ್ಟಿಗ್ಮ್ಯಾಟಿಸಂ. ಕೆಲವರಲ್ಲಿ ಕಣ್ಣಿನೊಳಗಿನ ಮಸೂರವೂ ಇದಕ್ಕೆ ಕಾರಣ. ದೂರದ್ದೂ ಹತ್ತಿರದ್ದೂ ಮಸುಕು, ರಾತ್ರಿ ಬೀದಿದೀಪದಿಂದ ಎಳೆದಂತೆ ಕಾಣುವ ಗೆರೆಗಳು, ಓದಿದ ಮೇಲೆ ತಲೆನೋವು ಇದರ ಗುರುತುಗಳು. ಕಣ್ಣಿನ ವ್ಯಾಯಾಮದಿಂದ ಕಾರ್ನಿಯಾದ ಆಕಾರ ಬದಲಾಗದು.

ಚೀಟಿಯಲ್ಲಿ -1.00 / -1.50 × 180 ಎಂದಿದೆ ಎನ್ನೋಣ. ಮೊದಲನೆಯದು ಎಲ್ಲ ದಿಕ್ಕಿಗೂ ಸಮನಾದ ಸ್ಫೆರಿಕಲ್ ಪವರ್. ಎರಡನೆಯದು ಸಿಲಿಂಡರ್, ಅಂದರೆ ಅಸ್ಟಿಗ್ಮ್ಯಾಟಿಸಂ ತಿದ್ದಲು ಒಂದು ದಿಕ್ಕಿಗೆ ಮಾತ್ರ ಸೇರಿಸುವ ಪವರ್. ಮೂರನೆಯದು ಆಕ್ಸಿಸ್, ಅಂದರೆ ಸಿಲಿಂಡರ್ ಯಾವ ಕೋನದಲ್ಲಿ ಕೂರಬೇಕೆಂಬ ಡಿಗ್ರಿ; 180 ಎಂದರೆ ಅಡ್ಡ, 90 ಎಂದರೆ ನೇರ. ಆಕ್ಸಿಸ್ ದಿಕ್ಕಿನಲ್ಲಿ ಸಿಲಿಂಡರ್ ಕೆಲಸ ಮಾಡುವುದಿಲ್ಲ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಪೂರ್ತಿ ಮಾಡುತ್ತದೆ. ಹಾಗಾಗಿ ಈ ಗಾಜಿಗೆ ಅಡ್ಡ -1.00, ನೇರ -2.50.

ಇನ್ನೊಬ್ಬ ವೈದ್ಯರು -2.50 / +1.50 × 90 ಎಂದು ಬರೆದರೆ ನಂಬರ್ ಏರಿತೆಂದು ಗಾಬರಿಯಾಗಬೇಡಿ. ಎರಡೂ ಒಂದೇ ಗಾಜು. ಸ್ಫೆರಿಕಲ್‌ಗೆ ಸಿಲಿಂಡರ್ ಕೂಡಿಸಿ, ಸಿಲಿಂಡರ್‌ನ ಚಿಹ್ನೆ ಬದಲಿಸಿ, ಆಕ್ಸಿಸನ್ನು 90 ಡಿಗ್ರಿ ತಿರುಗಿಸಿದರೆ ತಾಳೆಯಾಗುತ್ತದೆ.

ಜನ ಪವರ್ ನೋಡುತ್ತಾರೆ, ಆಕ್ಸಿಸ್ ನೋಡುವುದಿಲ್ಲ. ಹೆಚ್ಚಿನ ತೊಂದರೆ ಹುಟ್ಟುವುದು ಅಲ್ಲೇ. ಗಾಜು 5 ಡಿಗ್ರಿ ತಿರುಗಿ ಕೂತರೆ ಸುಮಾರು 17 ಶೇಕಡಾ, 10 ಡಿಗ್ರಿಗೆ ಮೂರನೇ ಒಂದು ಭಾಗ ತಿದ್ದುಪಡಿ ವ್ಯರ್ಥ. 30 ಡಿಗ್ರಿ ತಪ್ಪಿದರೆ ಸಿಲಿಂಡರ್ ಹಾಕಿಯೂ ಹಾಕದಂತೆ. 90ಕ್ಕೆ ಬದಲು 180 ಹಾಕಿದರೆ ದೋಷ ಇದ್ದದ್ದಕ್ಕಿಂತ ಎರಡು ಪಟ್ಟಾಗುತ್ತದೆ.

ಆಕ್ಸಿಸ್ 90 ಅಥವಾ 180 ಇದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕನ್ನಡಕವನ್ನು ಮಟ್ಟಸವಾಗಿ ಕೈ ಚಾಚಿ ಹಿಡಿದು, ಗಾಜಿನ ನಡುವಿನಿಂದ ಬಾಗಿಲ ಚೌಕಟ್ಟಿನ ನೇರ ಅಂಚನ್ನು ನೋಡಿ. ಗಾಜಿನೊಳಗಿನ ಗೆರೆಯೂ ಹೊರಗಿನ ಗೆರೆಯೂ ಒಂದೇ ಸಾಲಿನಲ್ಲಿರಬೇಕು. ಒಳಗಿನದು ವಾಲಿದ್ದರೆ ಆಕ್ಸಿಸ್ ತಪ್ಪಿದೆ. ಆದರೆ 90 ಮತ್ತು 180 ಅದಲುಬದಲಾಗಿದ್ದರೆ ಇದರಿಂದ ತಿಳಿಯದು. ಅದಕ್ಕೂ, ಓರೆ ಕೋನಗಳಿಗೂ ಗಾಜಿನ ಪವರ್, ಆಕ್ಸಿಸ್ ಅಳೆಯುವ ಅಂಗಡಿಯ ಯಂತ್ರವಾದ ಲೆನ್ಸೋಮೀಟರ್‌ನಲ್ಲಿ ನಿಮ್ಮೆದುರೇ ಅಳೆಯಿಸಿ, ಎರಡೂ ಗಾಜನ್ನು ಚೀಟಿಯೊಂದಿಗೆ ಹೋಲಿಸಿ. ಗಾಜು ಸರಿಯಿದ್ದೂ ಮಸುಕಾದರೆ ಫ್ರೇಮ್ ಗಮನಿಸಿ: ಒಂದು ಕಡ್ಡಿ ಬಾಗಿ ಕನ್ನಡಕ ಓರೆಯಾಗಿ ಕೂತರೂ ಆಕ್ಸಿಸ್ ತಿರುಗುತ್ತದೆ.

ಕಂಪ್ಯೂಟರ್ ತಪಾಸಣೆಯ ಸ್ಲಿಪ್ ಮಾತ್ರ ನಂಬಿ ಗಾಜು ಮಾಡಿಸಬೇಡಿ. ಅದು ಆರಂಭದ ಅಂದಾಜು ಅಷ್ಟೇ. ಅಕ್ಷರ ಓದಿಸಿ, ಗಾಜು ಬದಲಿಸಿ ನೋಡಿದ ಮೇಲೆ ಬರೆದದ್ದೇ ಚೀಟಿ.

ಮೊದಲ ಬಾರಿ ಸಿಲಿಂಡರ್ ಹಾಕಿದಾಗ ನೆಲ ಇಳಿಜಾರಾದಂತೆ, ಬಾಗಿಲು ವಾಲಿದಂತೆ ಕಾಣುವುದು ಸಹಜ. ದಿನವೂ ಹಾಕಿಕೊಂಡರೆ ಒಂದೆರಡು ವಾರದಲ್ಲಿ ಹೊಂದುತ್ತದೆ. ಅಲ್ಲಿಯವರೆಗೆ ಮೆಟ್ಟಿಲು ಮತ್ತು ಗಾಡಿಯ ವಿಷಯದಲ್ಲಿ ಎಚ್ಚರ. ಎರಡು ವಾರ ಕಳೆದರೂ ಹೊಂದದಿದ್ದರೆ ಸಹಿಸಿಕೊಂಡಿರದೆ ಮರುತಪಾಸಣೆ ಮಾಡಿಸಿ.

ಕಾಂಟ್ಯಾಕ್ಟ್ ಲೆನ್ಸ್ ಬೇಕೆಂದರೆ ಸಿಲಿಂಡರ್ ಇರುವ ಟಾರಿಕ್ ಎಂಬ ಬಗೆ ಕೇಳಿ. ರೆಪ್ಪೆ ಬಡಿದಾಗ ತಿರುಗದಂತೆ ಅದನ್ನು ರೂಪಿಸಿರುತ್ತಾರೆ; ಕೂತ ಕೋನ ತಿಳಿಯಲು ಅದರ ಮೇಲೆ ಸಣ್ಣ ಗುರುತೂ ಇರುತ್ತದೆ. ನೋಟ ಆಗಾಗ ಸರಿಹೋಗಿ ಮತ್ತೆ ಕೆಡುತ್ತಿದ್ದರೆ ಲೆನ್ಸ್ ತಿರುಗುತ್ತಿದೆ ಎಂಬ ಅನುಮಾನ ಇರಲಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗುವವರಿಗೂ ಕಣ್ಣಿನೊಳಗೆ ಕೂರಿಸುವ ಟಾರಿಕ್ ಲೆನ್ಸ್ ಉಂಟು. ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿಕೊಳ್ಳಿ.

ಮಕ್ಕಳಲ್ಲಿ ಹೆಚ್ಚಿನ ಸಿಲಿಂಡರನ್ನು ತಿದ್ದದೆ ಬಿಟ್ಟರೆ ಮೆದುಳು ಸ್ಪಷ್ಟವಾಗಿ ನೋಡುವುದನ್ನು ಕಲಿಯದೆ ಕಣ್ಣು ಮಂದವಾಗಬಹುದು. ಹದಿಹರೆಯದಲ್ಲಿ ಸಿಲಿಂಡರ್ ಪದೇ ಪದೇ ಏರುತ್ತಿದ್ದರೆ, ಅದರಲ್ಲೂ ಕಣ್ಣು ಉಜ್ಜುವ ಅಭ್ಯಾಸವಿದ್ದರೆ, ಹೊಸ ಕನ್ನಡಕಕ್ಕಿಂತ ಮೊದಲು ಕಾರ್ನಿಯಾದ ಬಾಗನ್ನು ನಕ್ಷೆಯಂತೆ ತೋರಿಸುವ ಟೊಪೊಗ್ರಫಿ ಪರೀಕ್ಷೆ ಮಾಡಿಸಿ. ಕಾರ್ನಿಯಾ ತೆಳ್ಳಗಾಗಿ ಶಂಕುವಿನಂತೆ ಉಬ್ಬುವ ಕೆರಟೊಕೋನಸ್ ಹೀಗೇ ಆರಂಭವಾಗುತ್ತದೆ. ಬೇಗ ಪತ್ತೆಯಾದರೆ ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಯಿಂದ ಸಾಮಾನ್ಯವಾಗಿ ಅದು ಮುಂದುವರಿಯದಂತೆ ತಡೆಯಬಹುದು.