ಹಾಡಿಗೆ 108 ಆಂಬುಲೆನ್ಸ್ ಗಾಡಿ ಬಂದ ಬಗೆ: ಅನುದಾನ ತಂದ ನನ್ನ ಅನುಭವ

"ಅರ್ಜಿ ಗೀಚಿದ್ರೆ ಕಾಡೊಳಗೆ ದಾರಿ ಬಂದ್ಬಿಡ್ತದಾ?" ಅಂತ ನಕ್ಕವರಲ್ಲಿ ನಮ್ಮ ಹಾಡಿಯ (ಕಾಡಿನ ಗಿರಿಜನರ ಊರಿನ) ಯಜಮಾನರೇ ಮೊದಲಿಗರು. ಕಳೆದ ಮಳೆಗಾಲದಲ್ಲಿ ಅವರ ಮೊಮ್ಮಗಳ ಹೆರಿಗೆಗೆ ಗಾಡಿ ಅಂಗಳಕ್ಕೇ ಬಂತು. ಈಗ ನಗುವುದಿಲ್ಲ.

ಮೂರು ವರ್ಷ ನಾನೂ ಎಲ್ಲರ ಹಾಗೆ ಡಾಂಬರು ರಸ್ತೆ ಕೇಳಿದೆ. ಜೆರಾಕ್ಸು, ಬಸ್ಸು, ಟೀ ಅಂತ 7-8 ಸಾವಿರ ಕೈಬಿಟ್ಟಿತು. ಸಿಕ್ಕ ಉತ್ತರ ಒಂದೇ: ಅರಣ್ಯ ಪ್ರದೇಶ.

ಆಮೇಲೆ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಹಿಡಿದೆ. ಅರಣ್ಯ ಜಾಗದಲ್ಲಿ ಊರಿಗೆ ಮಾಡಿಕೊಡಬಹುದು ಅಂತ ಅದು ಹೇಳುವ 13 ಸೌಲಭ್ಯದಲ್ಲಿ ರಸ್ತೆಯೂ ಇದೆ; ಜಾಗ 1 ಹೆಕ್ಟೇರ್ ಒಳಗಿರಬೇಕು, ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು. ಹಗ್ಗ ಹಿಡಿದು ನಾವೇ ಅಳೆದೆವು. ಉದ್ದ ಸುಮಾರು 1,100 ಮೀಟರ್, ಅಗಲ ಮೂರೂವರೆ. 0.4 ಹೆಕ್ಟೇರೂ ಆಗಲಿಲ್ಲ! ಬಿದಿರು ಮೆಳೆ ಸುತ್ತಿ ದಾರಿ ತಿರುಗಿಸಿದ್ದಕ್ಕೆ ಐದಾರು ಮರವಷ್ಟೇ ಹೋದವು.

ಎಡವಿದ್ದು ಇದಕ್ಕೆ ಒಪ್ಪಿಗೆ ಕೊಡಬೇಕಾದ ಗ್ರಾಮಸಭೆಯಲ್ಲಿ. ಅರ್ಧದಷ್ಟು ಜನ ಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ನಾನು ದಡ್ಡ, ಜನವರಿಯಲ್ಲಿ ಕರೆದೆ. ಎಲ್ಲರೂ ಕೊಡಗಿನಲ್ಲಿ ಕಾಫಿ ಕುಯ್ಯುತ್ತಿದ್ದರು.

ಆಮೇಲೆ ಒಪ್ಪಿಗೆ ಸಿಕ್ಕರೂ ದುಡ್ಡು ಬೇರೆ ಕತೆ. ಗಿರಿಜನ ಉಪಯೋಜನೆಯಲ್ಲಿ ಮೊದಲ ವರ್ಷ 16 ಲಕ್ಷ ಚಿಲ್ಲರೆ ಮಂಜೂರಾಯಿತು, ಟೆಂಡರ್ ಎಳೆದಾಡಿ ಮಾರ್ಚ್ 31 ದಾಟಿತು, ಹಣ ವಾಪಸ್. ಆ ರಾತ್ರಿ ಊಟ ಸೇರಲಿಲ್ಲ. ಮರುವರ್ಷ ಅರ್ಜಿಗೆ ಒಂದೇ ಹಾಳೆ ಲಗತ್ತಿಸಿದೆ. ಹಾವು ಕಚ್ಚಿದ್ದು, ಹೆರಿಗೆ, ಆನೆ ತುಳಿದದ್ದು, ಒಟ್ಟು 9 ಪ್ರಕರಣ. ಹೊರಟ ಹೊತ್ತು, ಆಸ್ಪತ್ರೆ ಮುಟ್ಟಿದ ಹೊತ್ತು, ಕೆಳಗೆ ಆಶಾ ಕಾರ್ಯಕರ್ತೆಯ ಸಹಿ. ಆ ಹಾಳೆ ಓದಿದ ಮೇಲೆ ಯಾರೂ "ರಸ್ತೆ ಯಾಕೆ" ಅಂತ ಕೇಳಲಿಲ್ಲ. 12 ಲಕ್ಷದ ಹತ್ತಿರ ಬಂತು: ಜಲ್ಲಿ, ಮಣ್ಣು, ಎರಡು ಮೋರಿ. ಹಾಳೆಯ ಕೊನೆಯ ಕಾಲಂನಲ್ಲಿ ಏನು ಬರೆದೆ ಅಂತ ಇಲ್ಲಿ ಹೇಳಲ್ಲ, ಕುಡಿಯುವ ನೀರಿನ ಅರ್ಜಿಗೆ ನಮಗೇ ಬೇಕು.

ನಡುವೆ ಆನೆ ಕಾವಲಿಗೂ ಕೈ ಹಾಕಿದ್ದೆ. ನಾಲ್ಕು ಸೋಲಾರ್ ದೀಪ ಪರವಾಗಿಲ್ಲ. ಹಳೇ ಬ್ಯಾಟರಿಗೆ ಸೈರನ್ ಕಟ್ಟಿದ್ದಕ್ಕೆ 2,000ದಷ್ಟು ಸ್ವಂತ ದುಡ್ಡು ಸುರಿದೆ. ಎರಡು ವಾರ ಆನೆ ಹೆದರಿತು, ಮೂರನೇ ವಾರ ಸೈರನ್ ಕೆಳಗೇ ನಿಂತು ಹಲಸು ತಿಂದಿತು. ಈಗ ಅದನ್ನು ರೇಷನ್ ಬಂದಾಗ ಊದುತ್ತೇವೆ.