ಪಿತ್ತಕೋಶದಲ್ಲಿ ಮೆಗಾಲಿನ್ ಹುಡುಕುವ ಮೊದಲು ಡಬ್ಬಿ ತೆರೆದು ನೋಡಿ

ಇಪ್ಪತ್ತು ವರ್ಷಗಳಿಂದ ಅಂಗಗಳ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಹಿಸ್ಟೊಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೀನಿ. ವರ್ಷಕ್ಕೊಬ್ಬರಾದರೂ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಬಂದು, "ಮೇಡಂ, ಥೀಸಿಸ್‌ಗೆ ಗಾಲ್‌ಬ್ಲಾಡರ್ ಮೇಲೆ ಮೆಗಾಲಿನ್ ಸ್ಟೇನ್ ಮಾಡಿಕೊಡಿ" ಅಂತಾರೆ. ಅಂದರೆ ಮೆಗಾಲಿನ್ ಎಂಬ ಪ್ರೋಟೀನಿಗೆ ಆಂಟಿಬಾಡಿ ಅಂಟಿಸಿ, ಅದು ಎಲ್ಲಿದೆ ಅಂತ ಬಣ್ಣದಿಂದ ತೋರಿಸೋದು. ಎಲ್ಲರ ಚಿಂತೆಯೂ ಆ ಆಂಟಿಬಾಡಿ ಬೆಲೆಯದ್ದೇ. ಆದರೆ ಕೆಲಸ ಕೆಡೋದು ಅದಕ್ಕಿಂತ ಬಹಳ ಮೊದಲು.

ಹುಡುಕುತ್ತಿರುವುದು ಏನನ್ನು ಅನ್ನೋದು ಮೊದಲು ಗೊತ್ತಿರಲಿ. ಪಿತ್ತಕೋಶ ಹಿಡಿಯೋದು 30ರಿಂದ 50 ಮಿ.ಲೀ. ಪಿತ್ತರಸ. ಅದರ ಒಳಪೊರೆ ಅಂದರೆ ಒಂದೇ ಸಾಲು ಎತ್ತರದ ಜೀವಕೋಶಗಳು. ನೀರು ಹೀರಿ ಪಿತ್ತವನ್ನು ಗಟ್ಟಿಮಾಡೋದು ಅವೇ. ಪಿತ್ತದ ಕಡೆಗಿರುವ ಮೇಲಂಚಿನಲ್ಲಿ ಮೆಗಾಲಿನ್, ಕ್ಯೂಬಿಲಿನ್ ಎಂಬ ಎರಡು ದೊಡ್ಡ ರಿಸೆಪ್ಟರ್‌ಗಳಿವೆ. ಪಿತ್ತದಲ್ಲಿ ತೇಲುವ ಪ್ರೋಟೀನುಗಳನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತವೆ. ಕ್ಯೂಬಿಲಿನ್‌ಗೆ ಪೊರೆಯೊಳಗೆ ಇಳಿದ ಬೇರೇ ಇಲ್ಲ, ಅಮ್ನಿಯಾನ್‌ಲೆಸ್, ಮೆಗಾಲಿನ್ ಇಂಥ ಜೊತೆಗಾರರನ್ನು ನಂಬಿಕೊಂಡೇ ಅದರ ಬದುಕು. ಅದು ಹಿಡಿಯುವವುಗಳಲ್ಲಿ ಅಪೊ ಎ-1 ಕೂಡ ಒಂದು. ಕೊಲೆಸ್ಟ್ರಾಲ್ ಹರಳುಗಟ್ಟುವುದನ್ನು ತಡಮಾಡುವ ಗುಣ ಈ ಪ್ರೋಟೀನಿಗಿದೆ. ಪಿತ್ತಕೋಶದ ಕಲ್ಲಿನ ಕತೆಗೆ ಒಳಪೊರೆ ತಳಕು ಹಾಕಿಕೊಳ್ಳೋದು ಇಲ್ಲಿ. ಟಿಜಿಆರ್5 ಎಂಬ ಇನ್ನೊಂದು ರಿಸೆಪ್ಟರ್ ಪಿತ್ತಾಮ್ಲವನ್ನೇ ಗುರುತಿಸುತ್ತೆ. ಅದರ ಜೀನ್ ತೆಗೆದ ಇಲಿಗಳಿಗೆ ಕಲ್ಲು ಹುಟ್ಟಿಸುವ ಆಹಾರ ಕೊಟ್ಟರೂ ಕೊಲೆಸ್ಟ್ರಾಲ್ ಕಲ್ಲಾಗಲಿಲ್ಲ ಅಂತ 2006ರಲ್ಲೇ ವರದಿಯಾಗಿದೆ.

ಈಗ ಡಬ್ಬಿ. ಆಪರೇಷನ್ ಥಿಯೇಟರಿನಿಂದ ಪಿತ್ತಕೋಶ ಇಡಿಯಾಗಿ, ಒಳಗೆ ಪಿತ್ತ ತುಂಬಿಕೊಂಡೇ, ಕೊಳೆಯದಂತೆ ಕಾಪಾಡುವ ಫಾರ್ಮಲಿನ್‌ನಲ್ಲಿ ಮುಳುಗಿ ಬರುತ್ತೆ. ಹೊರಗೋಡೆ ಗಟ್ಟಿಯಾಗುತ್ತೆ, ಒಳಗೆ ಪಿತ್ತ ತನ್ನ ಮನೆಯನ್ನೇ ತಿನ್ನುತ್ತಿರುತ್ತೆ. ಒಮ್ಮೆ ಶನಿವಾರ ಸಂಜೆ ಬಂದ ನಾಲ್ಕು ಡಬ್ಬಿಗಳನ್ನು ನಾನು ಸೋಮವಾರ ನೋಡೋಣ ಅಂತ ಬಿಟ್ಟೆ. ಸ್ಲೈಡ್ ಮೇಲೆ ಸ್ನಾಯುವಿತ್ತು, ಕೊಬ್ಬಿತ್ತು, ಒಳಪೊರೆ ಮಾತ್ರ ಒದ್ದೆ ಗೋಡೆಯ ಸುಣ್ಣದ ಹಾಗೆ ಉದುರಿಹೋಗಿತ್ತು. ಹಾಗಾಗಿ ಥಿಯೇಟರ್ ಸಿಸ್ಟರ್ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಡಬ್ಬಿ ಕೈಗೆ ಬಂದ ತಕ್ಷಣ ಉದ್ದಕ್ಕೆ ಸೀಳಿ, ಪಿತ್ತ ಚೆಲ್ಲಿ, ಸಲೈನ್‌ನಲ್ಲಿ ಮೆಲ್ಲಗೆ ಅಲುಗಾಡಿಸಿ. ನಲ್ಲಿ ಕೆಳಗೆ ಹಿಡಿಯಬೇಡಿ, ಬೆರಳಿನಿಂದ ಒರೆಸಲೇಬೇಡಿ. ಒಳಮೈ ಮೇಲೆ ಬರುವಂತೆ ಕಾರ್ಕ್ ಹಲಗೆಗೆ ಪಿನ್ ಮಾಡಿ, ತುಂಡಿನ ಹತ್ತುಪಟ್ಟು ಫಾರ್ಮಲಿನ್‌ನಲ್ಲಿ ಒಂದು ದಿನ ಬಿಡಿ. ಕೆಂಪು ಮೈಮೇಲೆ ಸ್ಟ್ರಾಬೆರಿ ಬೀಜದಂತೆ ಹಳದಿ ಚುಕ್ಕೆ ಕಂಡರೆ ಬರೆದಿಡಿ, ಅದು ಕೊಲೆಸ್ಟ್ರಾಲ್ ತುಂಬಿದ ಜೀವಕೋಶಗಳ ಗುಂಪು.

ತುಂಡು ಎಲ್ಲರದ್ದೂ ಒಂದೇ ಜಾಗದಿಂದ ಬರಲಿ. ನಾನು ನಡುಭಾಗದಿಂದ ತೆಗೀತೀನಿ, ಕುತ್ತಿಗೆಯಲ್ಲಿ ಲೋಳೆ ಗ್ರಂಥಿಗಳಿರುತ್ತವೆ. ಕಲ್ಲು ಒತ್ತಿ ಹುಣ್ಣಾದ ಜಾಗವೂ ಬೇಡ.

4 ಮೈಕ್ರಾನ್ ದಪ್ಪದ ತೆಳು ಸೆಕ್ಷನ್, ಅಂಟು ಲೇಪಿಸಿದ ಸ್ಲೈಡ್. ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನನ್ನು ಬಿಸಿಯಿಂದ ಮತ್ತೆ ತೆರೆಯುವ ಆಂಟಿಜೆನ್ ರಿಟ್ರೀವಲ್‌ಗೆ ಪಿಎಚ್ 6ರ ಸಿಟ್ರೇಟ್ ಬೇಕೋ 9ರ ಇಡಿಟಿಎ ಬೇಕೋ ಆಂಟಿಬಾಡಿ ಜೊತೆ ಬಂದ ಹಾಳೆಯಲ್ಲಿರುತ್ತೆ, ಓದಿ. ಬಿಸಿಮಾಡೋಕೆ ನಮ್ಮದು ಮನೆಯಲ್ಲಿ ಸಾಂಬಾರ್ ಮಾಡುವಂಥದ್ದೇ ಪ್ರೆಷರ್ ಕುಕ್ಕರ್. ಆದರೆ ಸೀಟಿ ಎಣಿಸಬೇಡಿ, ಗಡಿಯಾರ ನೋಡಿ. ಇಳಿಸಿದ ಮೇಲೆ ಅದೇ ದ್ರವದಲ್ಲಿ ಇಪ್ಪತ್ತು ನಿಮಿಷ ಆರಲಿ, ಬಿಸಿಯಲ್ಲೇ ಎತ್ತಿದರೆ ಸೆಕ್ಷನ್ ಏಳುತ್ತೆ. ಪೆರಾಕ್ಸೈಡ್, ಪ್ರೈಮರಿ (ಮೆಗಾಲಿನ್ ಹಿಡಿಯುವ ಆಂಟಿಬಾಡಿ), ಸೆಕೆಂಡರಿ (ಪ್ರೈಮರಿಯನ್ನು ಹಿಡಿಯುವ ಆಂಟಿಬಾಡಿ), ಡಿಎಬಿ (ಕಂದು ಬಣ್ಣ ಕೊಡುವ ರಾಸಾಯನಿಕ) ಎಲ್ಲ ಎಂದಿನಂತೆ. ಡಿಎಬಿ ಮುಟ್ಟುವಾಗ ಗ್ಲೌಸ್ ಮರೆಯಬೇಡಿ.

ಸ್ಟೇನ್ ಸರಿಯಾಗಿ ಕೆಲಸ ಮಾಡಿತೋ ನೋಡುವ ಕಂಟ್ರೋಲ್‌ಗೆ ಮೂತ್ರಪಿಂಡದ ಹೊರಪದರ ಇಡಿ. ಅಲ್ಲಿನ ಪ್ರಾಕ್ಸಿಮಲ್ ನಾಳಗಳ ಅಂಚು ಕಡುಕಂದಾಗದಿದ್ದರೆ ಆ ಬ್ಯಾಚನ್ನು ನೋಡೋದೇ ಬೇಡ. ಪ್ರತಿ ಕೇಸಿಗೂ ಪ್ರೈಮರಿ ಹಾಕದ ಇನ್ನೊಂದು ಸ್ಲೈಡ್ ಕಡ್ಡಾಯ, ದುಡ್ಡು ಉಳಿಸೋಕೆ ಹೋಗಬೇಡಿ. ಯಾಕೆಂದರೆ ಪಿತ್ತದ ಬಣ್ಣವೂ ಕಂದೇ, ಡಿಎಬಿಯೂ ಕಂದೇ. ಜೀವಕೋಶದ ಮೇಲಂಚಿಗೆ ಪೆನ್ಸಿಲ್ ಗೆರೆ ಎಳೆದಂತಿದ್ದರೆ ಮೆಗಾಲಿನ್. ಹೊಂಬಣ್ಣದ ಹರಳುಹರಳಾಗಿ ಮೇಲೆ ಬಿದ್ದಿದ್ದರೆ, ಪ್ರೈಮರಿ ಇಲ್ಲದ ಸ್ಲೈಡಿನಲ್ಲೂ ಅದೇ ಕಂಡರೆ, ಅದು ಬರೀ ಪಿತ್ತ. ಒಬ್ಬ ಹುಡುಗ ಇಂಥ ಹನ್ನೊಂದು ಕೇಸುಗಳನ್ನು ಪಾಸಿಟಿವ್ ಅಂತ ಬರೆದು, ಗೈಡ್ ಎದುರು ಬೆವರಿದ್ದ. ಪಿತ್ತದ ಕಲೆ ಜಾಸ್ತಿ ಅನಿಸಿದರೆ ಡಿಎಬಿ ಬದಲು ಕೆಂಪು ಬಣ್ಣ ಕೊಡುವ ಕ್ರೋಮೋಜೆನ್ ಬಳಸಿ, ಗೊಂದಲವೇ ಇರಲ್ಲ.

ಬಣ್ಣ ಕಡಿಮೆ ಬಂತು, ಅದರಿಂದಲೇ ಕಲ್ಲಾಯಿತು ಅಂತ ಬರೆಯೋ ಆಸೆ ಎಲ್ಲರಿಗೂ. ವರ್ಷಗಟ್ಟಲೆ ಕಲ್ಲು ಉಜ್ಜಿ ಊದಿಕೊಂಡ ಪೊರೆ ಅದು. ರಿಸೆಪ್ಟರ್ ಮೊದಲು ಹೋಯಿತೋ ಕಲ್ಲು ಮೊದಲು ಬಂತೋ ಆ ಸ್ಲೈಡ್ ಹೇಳಲ್ಲ. ಹೋಲಿಸೋಕೆ ಕಲ್ಲಿಲ್ಲದ ಪಿತ್ತಕೋಶವೂ ಬೇಕು; ಮೇದೋಜೀರಕಾಂಗದ ದೊಡ್ಡ ಆಪರೇಷನ್‌ಗಳಲ್ಲಿ ತೆಗೆದದ್ದು ಸಿಗುತ್ತೆ, ಕೇಳಿಡಿ.

ಇನ್ನು ಕಲ್ಲು. ಹಳದಿಯೋ ಕಪ್ಪೋ ನೋಡಲೇಬೇಕು, ರಕ್ತಕಣ ಒಡೆದು ಆಗುವ ಕಪ್ಪು ಕಲ್ಲಿನ ದಾರಿಯೇ ಬೇರೆ, ಅದನ್ನು ಕೊಲೆಸ್ಟ್ರಾಲ್ ಗುಂಪಿಗೆ ಸೇರಿಸುವ ಹಾಗಿಲ್ಲ. ಆದರೆ ನೀವು ಕೇಳುವ ಹೊತ್ತಿಗೆ ಅದು ಪುಟ್ಟ ಬಾಟಲಿಯಲ್ಲಿ ರೋಗಿಯ ಮನೆ ಶೋಕೇಸ್ ಸೇರಿರುತ್ತೆ. ಸಿಸ್ಟರ್‌ಗೆ ಹೇಳಿ, ಕೊಡೋ ಮುಂಚೆ ಸ್ಕೇಲ್ ಪಕ್ಕದಲ್ಲಿಟ್ಟು ಒಂದು ಫೋಟೋ ತೆಗೆದಿಡಲಿ.